ಕೊರಿಯನ್ ಭಾಷೆಯ ಸಮಧ್ವನಿ ಪದಗಳು: ಒಂದು ದನಿ, ಹಲವು ಚೀನೀ ಬೇರು

ಕೊರಿಯನ್ ಭಾಷೆಯಲ್ಲಿ ಕಾಗುಣಿತ ಒಂದೇ, ಹೆಚ್ಚಿನ ವೇಳೆ ಉಚ್ಚಾರಣೆಯೂ ಒಂದೇ ಆಗಿದ್ದು, ಬೇರೆ ಬೇರೆ ಚೀನೀ ಅಕ್ಷರಗಳಿಂದ ಬಂದ ಕಾರಣ ಅರ್ಥದಲ್ಲಿ ನಂಟೇ ಇಲ್ಲದ ಪದಗಳಿಗೆ ಸಮಧ್ವನಿ ಪದಗಳೆಂದು ಹೆಸರು. ಕೊರಿಯನ್ನರು ಇವನ್ನು ದೋಂಗ್‌ಉಮ್-ಇಉಯಿ-ಒ ಎನ್ನುತ್ತಾರೆ. ಬಿಡಿಸಿದರೆ 'ಒಂದೇ ದನಿ, ಬೇರೆ ಅರ್ಥ, ಮಾತು' ಎಂದಾಗುತ್ತದೆ. ಈ ಹೆಸರನ್ನೂ ಚೀನೀ ಬೇರುಗಳಿಂದಲೇ ಕಟ್ಟಲಾಗಿದೆ. ಇವು ನಾನಾರ್ಥ ಪದಗಳಲ್ಲ. ನಾನಾರ್ಥದಲ್ಲಿ ಒಂದೇ ಪದದ ಅರ್ಥ ಕವಲೊಡೆಯುತ್ತದೆ. ಸಮಧ್ವನಿಯಲ್ಲಿ ಬೇರೆ ಬೇರೆ ಊರಿನಿಂದ ಹೊರಟ ಪದಗಳು ಒಂದೇ ದನಿಯ ಮನೆಯಲ್ಲಿ ಬಂದು ಸೇರುತ್ತವೆ. ಕನ್ನಡದಲ್ಲಿ 'ಹತ್ತು' ಎಂಬುದು ಸಂಖ್ಯೆಯೂ ಹೌದು, ಮೆಟ್ಟಿಲು ಏರುವ ಕ್ರಿಯೆಯೂ ಹೌದು. ನಮ್ಮಲ್ಲಿ ಅಲ್ಲೊಂದು ಇಲ್ಲೊಂದು ಸಿಗುವ ಇಂಥ ಜೋಡಿ ಕೊರಿಯನ್ ಭಾಷೆಯಲ್ಲಿ ಪತ್ರಿಕೆಯ ಪ್ರತಿ ಪುಟದಲ್ಲೂ ಎದುರಾಗುತ್ತದೆ. ಏಕೆಂದರೆ ಆ ಭಾಷೆಯ ನಿಘಂಟಿನ ಅರ್ಧಕ್ಕಿಂತ ಹೆಚ್ಚು ಪದಗಳು ಹಂಜಾ ಮೂಲದವು. ಹಂಜಾ ಎಂದರೆ ಕೊರಿಯಾದಲ್ಲಿ ಬಳಕೆಯಾದ ಚೀನೀ ಅಕ್ಷರ. ಇಂದು ಬರವಣಿಗೆಯಲ್ಲಿ ಕಾಣುವುದು ಹಂಗುಲ್ ಲಿಪಿ.

ಕನ್ನಡ ಲಿಪಿಯಲ್ಲಿ ಕೊರಿಯನ್ ಸ್ವರಗಳನ್ನು ಪೂರ್ತಿ ಹಿಡಿಯಲು ಆಗದು. ಈ ಲೇಖನದಲ್ಲಿ ಬಾಯಿ ಸಡಿಲಬಿಟ್ಟು ನುಡಿಯುವ ಸ್ವರಕ್ಕೆ ಹ್ರಸ್ವ 'ಒ', ತುಟಿ ದುಂಡಾಗಿಸಿ ನುಡಿಯುವ ಸ್ವರಕ್ಕೆ ದೀರ್ಘ 'ಓ' ಬಳಸಿದೆ.

ಮೊದಲಿಗೆ 'ಸಗ್ವ' ಎಂಬ ಪದವನ್ನು ನೋಡಬಹುದು. ಅದಕ್ಕೆ ಸೇಬು ಎಂಬ ಅರ್ಥವಿದೆ, ಕ್ಷಮೆಯಾಚನೆ ಎಂಬ ಅರ್ಥವೂ ಇದೆ. ಸೇಬಿನ ಸಗ್ವ 'ಮರಳು' ಮತ್ತು 'ಹಣ್ಣು' ಎಂಬ ಅಕ್ಷರಗಳ ಕೂಟ. ಕ್ಷಮೆಯ ಸಗ್ವದಲ್ಲಿ 'ಕ್ಷಮೆ ಕೇಳು' ಮತ್ತು 'ತಪ್ಪು' ಎಂಬ ಅಕ್ಷರಗಳಿವೆ. 2022ರ ಆಗಸ್ಟ್‌ನಲ್ಲಿ ಒಂದು ಕೆಫೆ, ಕಾರ್ಯಕ್ರಮವೊಂದರ ಕಾಯ್ದಿರಿಸುವಿಕೆಯಲ್ಲಿ ಆದ ತೊಡಕಿಗಾಗಿ, 'ಶಿಮ್‌ಶಿಮ್‌ಹನ್ ಸಗ್ವ' ಸಲ್ಲಿಸುವುದಾಗಿ ಜಾಲತಾಣದಲ್ಲಿ ಪ್ರಕಟಿಸಿತು. ಅಲ್ಲಿ 'ಶಿಮ್‌ಶಿಮ್' ಎಂದರೆ ಚೀನೀ ಮೂಲದ 'ಅತಿ ಆಳವಾದ'. ಅಚ್ಚ ಕೊರಿಯನ್ನಿನಲ್ಲಿ ಇದೇ ದನಿಯ ಇನ್ನೊಂದು ಪದವಿದೆ. ಅದರ ಅರ್ಥ 'ಹೊತ್ತು ಹೋಗದ, ಬೇಸರದ'. ಓದಿದ ಹಲವರು 'ಕ್ಷಮೆ ಕೇಳುವುದಕ್ಕೂ ಬೇಸರವೇ' ಎಂದು ಸಿಟ್ಟಾದರು. ಆಮೇಲೆ ದೇಶದ ತುಂಬ ಯುವಜನರ ಓದಿನ ಶಕ್ತಿಯ ಬಗ್ಗೆ ಚರ್ಚೆ ನಡೆಯಿತು. ಆ ಚರ್ಚೆಯಲ್ಲಿ ಹಿರಿಯರು ಕಿರಿಯರನ್ನು ಹಂಗಿಸಿದ್ದೇ ಹೆಚ್ಚು. ಅದು ನ್ಯಾಯವಲ್ಲ. ಕಣ್ಣಿಗೆ ಎರಡು ರೂಪವಾಗಿ ಕಾಣುತ್ತಿದ್ದ ಪದಗಳನ್ನು ಒಂದೇ ರೂಪದಲ್ಲಿ ಬರೆಯಲು ತೊಡಗಿದ್ದು ಹಿಂದಿನ ತಲೆಮಾರು. ಅದರಿಂದ ಬಂದ ತೊಡಕು ಈಗಿನವರ ಪಾಲಿಗೆ ಸಿಕ್ಕಿದೆ.

ಈ ಗೊಂದಲದ ಬೇರು ಬಹಳ ಹಳೆಯದು. ಕೊರಿಯಾಕ್ಕೆ ಚೀನೀ ಅಕ್ಷರಗಳ ಉಚ್ಚಾರಣೆ ಬಹುಮಟ್ಟಿಗೆ ತಾಂಗ್ ಕಾಲದ ಚೀನೀ ನುಡಿಯಿಂದ ಬಂದಿತು. ಆ ನುಡಿಯಲ್ಲಿ ಸ್ವರದ ಏರಿಳಿತ, ಅಂದರೆ ತಾನ, ಅರ್ಥವನ್ನೇ ಬದಲಿಸುತ್ತಿತ್ತು. ಘೋಷ-ಅಘೋಷ ವ್ಯಂಜನಗಳ ಭೇದವೂ ಇತ್ತು. ನಮ್ಮ ಕಿವಿಗೆ ಕ-ಗ, ತ-ದ, ಪ-ಬ ಬೇರೆ ಬೇರೆ. ಕೊರಿಯನ್ ಕಿವಿಗೆ ಈ ಭೇದ ಅರ್ಥ ಬೇರ್ಪಡಿಸುವಂಥದ್ದಲ್ಲ. ಹೀಗಾಗಿ ಚೀನೀ ನುಡಿಯಲ್ಲಿ ದೂರ ದೂರ ನಿಂತಿದ್ದ ಅಕ್ಷರಗಳು ಕೊರಿಯಾದಲ್ಲಿ ಒಂದರ ಮೇಲೊಂದು ಕೂತವು. ಉಳಿದ ಚೌಕಟ್ಟೂ ಕಿರಿದು. ಚೀನೀ ಮೂಲದ ಉಚ್ಚಾರಣೆಯ ಕೊನೆಯಲ್ಲಿ ಬರಬಹುದಾದ ವ್ಯಂಜನ ಆರೇ ಆರು: ಕ್, ಂಗ್, ನ್, ಲ್, ಮ್, ಪ್. ಮೊದಲಲ್ಲಿ ಬಿರುಸು ಉಸಿರಿನ 'ಖ್' ಇರುವ ಉಚ್ಚಾರಣೆ 'ಖ್ವೆ' ಒಂದೇ. 'ಸಂತೋಷ, ವೇಗ' ಎಂಬ ಅರ್ಥದ ಅಕ್ಷರಕ್ಕೆ ಅದು ಸಲ್ಲುತ್ತದೆ. ಒತ್ತಿ ನುಡಿಯುವ ವ್ಯಂಜನದಿಂದ ತೊಡಗುವವು ಬೆರಳೆಣಿಕೆಯಷ್ಟು. ಸಾವಿರಾರು ಅಕ್ಷರಗಳು ಕೆಲವೇ ನೂರು ಉಚ್ಚಾರಣೆಗಳಲ್ಲಿ ಹೊಂದಿಕೊಳ್ಳಬೇಕಾಯಿತು.

ಹಳೆಯ ಚೀನೀ ನುಡಿಯ ಕೊನೆಯ 'ತ್' ಕೊರಿಯಾದಲ್ಲಿ 'ಲ್' ಆಯಿತು. ನಮ್ಮ 'ಬುದ್ಧ' ಚೀನೀ ಬಾಯಲ್ಲಿ 'ಬುತ್'ನಂಥ ಒಂದು ಉಚ್ಚಾರಣೆಯಾಗಿ, ಕೊರಿಯಾದಲ್ಲಿ 'ಬುಲ್' ಆಗಿ ನಿಂತದ್ದು ಹೀಗೆ. ಅದೇ ದನಿಯ ಇನ್ನೊಂದು 'ಬುಲ್' ನಿಷೇಧಾರ್ಥದ ಉಪಸರ್ಗ, ನಮ್ಮ 'ಅ-' ಇದ್ದಂತೆ. ಅಚ್ಚ ಕೊರಿಯನ್ನಿನ 'ಬುಲ್' ಎಂದರೆ ಬೆಂಕಿ.

ಸೇಜೋಂಗ್ ಅರಸ 1443ರಲ್ಲಿ, ಇಂದು ಹಂಗುಲ್ ಎನ್ನುವ ಹೊಸ ಲಿಪಿಯನ್ನು ರೂಪಿಸಿ 1446ರಲ್ಲಿ 'ಹುನ್‌ಮಿನ್ ಜೊಂಗ್‌ಉಮ್' ಎಂಬ ಹೆಸರಿನಲ್ಲಿ ಪ್ರಕಟಿಸಿದಾಗ ಈ ಬೆರಕೆ ಅವನ ಗಮನಕ್ಕೆ ಬಾರದೆ ಇರಲಿಲ್ಲ. ಅವನ ಆಣತಿಯಂತೆ ವಿದ್ವಾಂಸರು 'ದೋಂಗ್‌ಗುಕ್ ಜೊಂಗ್‌ಉನ್' ಎಂಬ ಉಚ್ಚಾರಣೆಯ ನಿಘಂಟನ್ನು 1447ರಲ್ಲಿ ಮುಗಿಸಿದರು. ಮರುವರ್ಷ ಅದು ಹೊರಬಂತು. ಚೀನೀ ಅಕ್ಷರಗಳಿಗೆ ಹೀಗೆಯೇ ನುಡಿಯಬೇಕೆಂದು ಅದು ತಿದ್ದಿದ ಉಚ್ಚಾರಣೆಗಳನ್ನು ವಿಧಿಸಿತು. ಜನರ ನಾಲಗೆ ಅದಕ್ಕೆ ಬಗ್ಗಲಿಲ್ಲ. ಕೆಲವೇ ದಶಕಗಳಲ್ಲಿ ಆ ಉಚ್ಚಾರಣೆ ಪುಸ್ತಕಗಳಿಂದಲೂ ಮರೆಯಾಯಿತು. ಆದರೆ ಆ ಕಾಲದ ಹಂಗುಲ್ ಬರಹದಿಂದ ನಮಗೆ ದೊಡ್ಡ ಉಪಕಾರವಾಗಿದೆ. ಇಂದು ಒಂದೇ ಆಗಿರುವ ದನಿಗಳು ಆಗ ಎಷ್ಟು ಬೇರೆಯಾಗಿದ್ದವು ಎಂಬುದು ಅಲ್ಲಿ ದಾಖಲಾಗಿದೆ.

ಉದಾಹರಣೆಗೆ 'ಸ' ಎಂಬ ಒಂದೇ ಉಚ್ಚಾರಣೆಯನ್ನು ತೆಗೆದುಕೊಳ್ಳಿ. ನಾಲ್ಕು, ಸಾವು, ಕೆಲಸ, ಗುರು, ಇತಿಹಾಸ, ದೇವಾಲಯ, ಮರಳು, ಸಂಘ, ಕ್ಷಮೆ ಇವಕ್ಕೆಲ್ಲ ಚೀನೀ ಮೂಲದ ಅಕ್ಷರ 'ಸ' ಎಂದೇ ನುಡಿಯುತ್ತದೆ. 15–16ನೆಯ ಶತಮಾನದ ಬರಹದಲ್ಲಿ ಇವು ಮೂರು ಗುಂಪು. ನಾಲ್ಕು, ಸಾವು, ಗುರು, ಕೆಲಸ ಇವುಗಳಲ್ಲಿ 'ಅರೆ-ಅ', ಅಂದರೆ 'ಕೆಳಗಿನ ಅ', ಎಂಬ ಈಗ ಇಲ್ಲದ ಸ್ವರವಿತ್ತು. ಸಂಘ, ಕ್ಷಮೆ ಇವು 'ಸ್ಯ' ಆಗಿದ್ದವು. ಮರಳು ಮಾತ್ರ ಮೊದಲಿನಿಂದ 'ಸ'. ಮೂರೂ ಹೊಳೆ ಕಾಲಕ್ರಮದಲ್ಲಿ ಒಂದೇ ಪಾತ್ರದಲ್ಲಿ ಹರಿದವು. 'ಕೆಳಗಿನ ಅ' ಅಕ್ಷರವನ್ನು 1933ರ ಏಕರೂಪ ಕಾಗುಣಿತ ಕೈಬಿಟ್ಟಿತು. ಜೆಜು ದ್ವೀಪದ ಹಿರಿಯರ ನುಡಿಯಲ್ಲಿ ಅದರ ದನಿ ಇನ್ನೂ ಉಳಿದಿದೆ. ನಾಲ್ಕಕ್ಕೂ ಸಾವಿಗೂ ಒಂದೇ ದನಿಯಾದ್ದರಿಂದ ಕೊರಿಯಾದ ಹಲವು ಲಿಫ್ಟುಗಳಲ್ಲಿ ನಾಲ್ಕನೆಯ ಮಹಡಿಯ ಗುಂಡಿಯ ಮೇಲೆ ಅಂಕಿಯ ಬದಲು ಇಂಗ್ಲಿಷಿನ 'ಎಫ್' ಅಕ್ಷರವಿರುತ್ತದೆ.

'ಜೊನ್' ಎಂಬ ದನಿಯ ಕಥೆಯೂ ಇಂಥದ್ದೇ. ವಿದ್ಯುತ್ತಿನ ಅಕ್ಷರ, ಚರಿತ್ರೆ ಹೇಳುವ ಅಕ್ಷರ ಇವು ಹಿಂದೆ 'ದ್ಯೊನ್' ಆಗಿದ್ದವು. 'ಹಿಂದಿನ' ಎಂಬ ಅರ್ಥದ ಅಕ್ಷರ, ಯುದ್ಧದ ಅಕ್ಷರ ಇವು 'ಜ್ಯೊನ್'. ನಾಲಗೆ ಅಂಗುಳದ ಕಡೆ ಜಾರಿ 'ದ್ಯ' ಎಂಬುದು 'ಜ' ಆದಾಗ ಇವೆಲ್ಲ ಒಂದಾದವು. ಇಮ್ ಕ್ವೊನ್-ತೆಕ್ ನಿರ್ದೇಶಿಸಿ 2000ದಲ್ಲಿ ಬಂದ 'ಚುನ್‌ಹ್ಯಾಂಗ್' ಚಿತ್ರದ ಕೊರಿಯನ್ ಹೆಸರನ್ನು ಹಳೆಯ ಕಾಗುಣಿತದಲ್ಲಿ 'ಚುನ್‌ಹ್ಯಾಂಗ್-ದ್ಯೊನ್' ಎಂದೇ ಬರೆದಿದ್ದರು. ಉತ್ತರದ ಪ್ಯೊಂಗಾನ್ ಸೀಮೆಯ ಆಡುನುಡಿ ಈ ಜಾರುವಿಕೆಗೆ ಒಳಗಾಗಲಿಲ್ಲ. ರೈಲು ನಿಲ್ದಾಣಕ್ಕೆ ಸಿಯೋಲ್‌ನವರು 'ಜೊಂಗ್‌ಗೊಜಂಗ್' ಎಂದರೆ ಪ್ಯೊಂಗಾನಿನವರು 'ದೊಂಗ್‌ಗೊದಂಗ್' ಎನ್ನುತ್ತಿದ್ದರು.

ತಾನಗಳ ಕಥೆ ಬೇರೆ. 15ನೆಯ ಶತಮಾನದ ಕೊರಿಯನ್ನಿನಲ್ಲಿ ಸ್ವರದ ಏರಿಳಿತವಿತ್ತು. ಅಕ್ಷರದ ಎಡಬದಿಯಲ್ಲಿ ಚುಕ್ಕೆಯಿಟ್ಟು ಅದನ್ನು ತೋರಿಸುತ್ತಿದ್ದರು. 16ನೆಯ ಶತಮಾನದ ಕೊನೆಯ ಹೊತ್ತಿಗೆ ನಡುನಾಡಿನಲ್ಲಿ ಅದು ಅಳಿಯಿತು. ಉಳಿದದ್ದು ಅದರ ನೆರಳು: ಸ್ವರದ ಹ್ರಸ್ವ-ದೀರ್ಘ. ಪ್ರಮಾಣ ನುಡಿಯ ನಿಯಮದ ಪ್ರಕಾರ ಸೇಬು 'ಸಗ್ವ', ಕ್ಷಮೆ 'ಸಾಗ್ವ'. ತಂದೆ-ಮಗ 'ಬುಜ', ಶ್ರೀಮಂತ 'ಬೂಜ'. ಬೆಂಕಿ ತಡೆಯುವುದು 'ಬಂಗ್‌ಹ್ವ', ಬೆಂಕಿ ಹಚ್ಚುವುದು 'ಬಾಂಗ್‌ಹ್ವ'. ಜೀವನಚರಿತ್ರೆ ಹ್ರಸ್ವದ 'ಜೊನ್‌ಗಿ', ವಿದ್ಯುತ್ತು ದೀರ್ಘದ್ದು. ಹ್ರಸ್ವ-ದೀರ್ಘ ನಮಗೆ ಉಸಿರಿನಷ್ಟು ಸಹಜ. ಲಘು-ಗುರು ಮಾತ್ರೆ ಎಣಿಸಿದ ಕನ್ನಡಿಗನಿಗೆ ಇಂಥ ಭೇದ ಕಳೆದುಹೋಗುವುದು ನಷ್ಟವೆಂದೇ ಅನಿಸುತ್ತದೆ. ಹಂಗುಲ್ ಕಾಗುಣಿತ ಈ ಭೇದವನ್ನು ತೋರಿಸುವುದಿಲ್ಲ. ಸಿಯೋಲ್‌ನ ಕಿರಿಯರ ಬಾಯಲ್ಲಿ ಅದು ಇಲ್ಲವೆಂದೇ ಹೇಳಬಹುದು. ಆಗ್ನೇಯದ ಗ್ಯೊಂಗ್‌ಸಾಂಗ್ ಸೀಮೆಯವರಾದರೋ ಏರಿಳಿತದಿಂದ ಪದ ಬೇರ್ಪಡಿಸುವ ಹಳೆಯ ಗುಣವನ್ನು ಉಳಿಸಿಕೊಂಡಿದ್ದಾರೆ.

ಇಷ್ಟರಿಂದಲೇ ಭಾಷೆ ತತ್ತರಿಸಬೇಕಾಗಿರಲಿಲ್ಲ. ಆಡುಮಾತಿನಲ್ಲಿ ಬೆಳೆದ ಪದಗಳು ಡಿಕ್ಕಿ ಹೊಡೆದರೆ ಒಂದು ತಾನಾಗಿಯೇ ಪಕ್ಕಕ್ಕೆ ಸರಿಯುತ್ತದೆ. ಆದರೆ 19ನೆಯ ಶತಮಾನದ ಕೊನೆಯಿಂದ ಜಪಾನಿನಲ್ಲಿ ಪಾಶ್ಚಾತ್ಯ ವಿದ್ಯೆಗಾಗಿ ಚೀನೀ ಅಕ್ಷರಗಳಿಂದ ಸಾವಿರಾರು ಪದಗಳನ್ನು ಕಟ್ಟಿದರು. ಅವು ಕೊರಿಯಾಕ್ಕೂ ಬಂದವು. ಕಟ್ಟಿದವರು ಪದವನ್ನು ಪುಟದ ಮೇಲೆ ಕಂಡವರು. ಕೇಳುವವನ ಕಿವಿಯನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸಮಧ್ವನಿ ಪದಗಳ ಸಮಸ್ಯೆಯ ತಿರುಳು ಇಲ್ಲಿದೆ: ಕಣ್ಣಿಗಾಗಿ ಹುಟ್ಟಿದ ಪದ ಕಿವಿಗೆ ಬಂದು ಸೇರಿದೆ. ನ್ಯಾಯಕ್ಕೂ ವ್ಯಾಖ್ಯೆಗೂ 'ಜೊಂಗ್‌ಉಯಿ' ಎಂಬ ಒಂದೇ ಪದವಿರುವಾಗ, 'ನ್ಯಾಯದ ವ್ಯಾಖ್ಯೆ ಏನು' ಎಂದು ಕೇಳುವ ತತ್ತ್ವಶಾಸ್ತ್ರದ ವಿದ್ಯಾರ್ಥಿ 'ಜೊಂಗ್‌ಉಯಿಯ ಜೊಂಗ್‌ಉಯಿ' ಎಂದೇ ಹೇಳಬೇಕು.

ಜಪಾನಿಗೂ ಇದೇ ತೊಡಕಿದೆ. ಅಲ್ಲಿ 'ಶಿರಿತ್ಸು' ಎಂದರೆ ಖಾಸಗಿ ಶಾಲೆಯೂ ಆಗಬಹುದು, ನಗರಸಭೆಯ ಶಾಲೆಯೂ ಆಗಬಹುದು. ಕಿವಿಗೆ ತಿಳಿಯಲೆಂದು ಮಾತಿನಲ್ಲಿ ಒಂದನ್ನು 'ವತಕುಶಿರಿತ್ಸು', ಇನ್ನೊಂದನ್ನು 'ಇಚಿರಿತ್ಸು' ಎಂದು ಬದಲಿಸುತ್ತಾರೆ. ಬರೆಯುವಾಗ ಚೀನೀ ಅಕ್ಷರವೇ ಇರುವುದರಿಂದ ಓದಿಗೆ ಕಷ್ಟವಿಲ್ಲ. ವಿಯೆಟ್ನಾಂ ಚೀನೀ ಅಕ್ಷರಗಳನ್ನು ಬಿಟ್ಟರೂ ತನ್ನ ತಾನಗಳನ್ನು ಹೊಸ ಲಿಪಿಯಲ್ಲಿ ಗುರುತುಗಳಾಗಿ ಉಳಿಸಿಕೊಂಡಿತು. ತಾನವನ್ನೂ ಅಕ್ಷರವನ್ನೂ ಎರಡನ್ನೂ ಕಳೆದುಕೊಂಡದ್ದು ಕೊರಿಯಾ ಒಂದೇ.

ಕೆಲವು ಜೋಡಿಗಳಲ್ಲಿ ಅರ್ಥ ಬೇರೆಯಾಗಿರುವುದಷ್ಟೇ ಅಲ್ಲ, ಎದುರುಬದುರಾಗಿಯೂ ಇರುತ್ತದೆ. ಕ್ರೀಡಾ ಪುಟದ 'ಯೊನ್‌ಪೆ' ಅದರಲ್ಲಿ ಹೆಸರುವಾಸಿ. ಸತತ ಸೋಲಿಗೂ ಯೊನ್‌ಪೆ, ಸತತವಾಗಿ ಪ್ರಶಸ್ತಿ ಗೆಲ್ಲುವುದಕ್ಕೂ ಯೊನ್‌ಪೆ. 'ಮೂರು ಯೊನ್‌ಪೆ' ಎಂಬ ತಲೆಬರಹ ಕಂಡ ಅಭಿಮಾನಿ ಸಂಭ್ರಮಿಸಬೇಕೋ ಮರುಗಬೇಕೋ ಎಂಬುದು ತಂಡದ ಹೆಸರಿನಿಂದಲೇ ತಿಳಿಯಬೇಕು. 'ಬಂಗ್‌ಹ್ವ'ದಲ್ಲಿ ಬೆಂಕಿ ಇಡುವವನೂ ಬೆಂಕಿ ತಡೆಯುವ ಬಾಗಿಲೂ ಇದ್ದಾರೆ. ಹಿಂದೆ ಸ್ವದೇಶಿ ಚಲನಚಿತ್ರಕ್ಕೂ ಇದೇ ಪದವಿತ್ತು, ಈಗ 'ಹಂಗುಕ್ ಯೊಂಗ್‌ಹ್ವ', ಅಂದರೆ ಕೊರಿಯನ್ ಚಿತ್ರ, ಎಂಬ ಬಿಡಿಸಿದ ಮಾತು ಅದನ್ನು ಬದಿಗೆ ಸರಿಸಿದೆ. 2021ರಲ್ಲಿ ರಾಜಕಾರಣಿಯೊಬ್ಬರು ಎದುರಾಳಿಗೆ 'ಮುಉನ್' ಹಾರೈಸಿದರು. ಅವರು ಹೇಳಿದ್ದು 'ರಣದಲ್ಲಿ ಅದೃಷ್ಟ'. ಸುದ್ದಿ ವಾಹಿನಿಯ ವರದಿಗಾರ ಅದನ್ನು 'ಅದೃಷ್ಟ ಇಲ್ಲದಿರಲಿ' ಎಂದು ವಿವರಿಸಿದರು. ರಣಕ್ಕೂ 'ಮು', ಇಲ್ಲ ಎಂಬುದಕ್ಕೂ 'ಮು'.

'ಬಂಗ್ಸು' ಇವುಗಳಲ್ಲಿ ಹೆಚ್ಚು ವಾದಕ್ಕೆ ಗುರಿಯಾದ ಪದ. ನೀರು ಒಳಗೆ ಹೋಗದಂತೆ ತಡೆಯುವುದು ಬಂಗ್ಸು. ನೀರನ್ನು ಹೊರಕ್ಕೆ ಬಿಡುವುದೂ ಬಂಗ್ಸು. 2009ರಲ್ಲಿ ದೇಗು–ಬುಸಾನ್ ನಡುವಿನ ಅತಿವೇಗದ ರೈಲು ಮಾರ್ಗದ ಕಾಮಗಾರಿಯಲ್ಲಿ ಕಾಂಕ್ರೀಟ್ ಸ್ಲೀಪರ್‌ಗಳು ಬಿರುಕುಬಿಟ್ಟವು. ಬೋಲ್ಟ್ ಕೂರುವ ರಂಧ್ರದಲ್ಲಿ ನೀರು ತಡೆಯುವ ವಸ್ತು ತುಂಬಬೇಕಿತ್ತು, ತುಂಬಿದ್ದು ನೀರು ಹೀರುವ ವಸ್ತು. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿತು. ಬಂಗ್ಸು ಎಂಬ ಪದವನ್ನು ತಪ್ಪಾಗಿ ತಿಳಿದದ್ದೇ ಕಾರಣವೆಂದು ಹಂಜಾ ಶಿಕ್ಷಣದ ಪರವಾಗಿರುವವರು ಇದನ್ನು ಮತ್ತೆ ಮತ್ತೆ ಉದಾಹರಿಸುತ್ತಾರೆ. ಕಾಮಗಾರಿಯ ಅಜಾಗರೂಕತೆಯನ್ನು ಲಿಪಿಯ ತಲೆಗೆ ಕಟ್ಟಬೇಡಿ ಎಂಬುದು ಹಂಗುಲ್ ಪರರ ಉತ್ತರ. ನಕ್ಷೆ, ಮೇಲ್ವಿಚಾರಣೆ, ತಪಾಸಣೆ ಎಲ್ಲವೂ ಇರುವ ಕೆಲಸದಲ್ಲಿ ಒಂದು ಪದವೇ ಹಳಿ ಒಡೆಯಿತು ಎಂಬ ವಾದ ಹೆಚ್ಚು ಭಾರ ತಾಳುವುದಿಲ್ಲ.

ಉಳಿದ ಬಹುಪಾಲು ಪದಗಳು ಯಾರಿಗೂ ಕೇಡು ಮಾಡದೆ ಒಟ್ಟಿಗೆ ಬಾಳುತ್ತಿವೆ. 'ಶಿನ್‌ಬು' ಎಂದರೆ ಮದುಮಗಳು, ಕ್ಯಾಥೊಲಿಕ್ ಪಾದ್ರಿಯೂ ಹೌದು. ಪಾದ್ರಿಗೆ ಗೌರವದ 'ನಿಮ್' ಸೇರಿ 'ಶಿನ್‌ಬುನಿಮ್' ಆಗುವುದರಿಂದ ಮದುವೆಯ ದಿನವೂ ಯಾರೂ ಗಲಿಬಿಲಿಗೊಳ್ಳುವುದಿಲ್ಲ. 'ಸುದೋ' ರಾಜಧಾನಿ, ನಲ್ಲಿ ನೀರಿನ ವ್ಯವಸ್ಥೆ, ಧಾರ್ಮಿಕ ಸಾಧನೆ ಮೂರೂ ಹೌದು. 'ಸಗಿ' ಎಂದರೆ ವಂಚನೆ, ಸೈನಿಕರ ಹುಮ್ಮಸ್ಸು, ಪಿಂಗಾಣಿ ಪಾತ್ರೆ, ಮೇಲಾಗಿ ಸಿಮಾ ಚಿಯೆನ್ ಬರೆದ ಚೀನಾದ ಮಹಾ ಇತಿಹಾಸ ಗ್ರಂಥದ ಕೊರಿಯನ್ ಹೆಸರು. 'ಗಿಸ' ಎಂದರೆ ಪತ್ರಿಕೆಯ ವರದಿ, ವಾಹನ ಚಾಲಕ, ಕುದುರೆಯೇರಿದ ಯೋಧ, ಗೋ ಆಟದ ವೃತ್ತಿಪರ ಆಟಗಾರ. 'ಉಯಿಸ' ಎಂದರೆ ವೈದ್ಯ, ನಾಡಿಗಾಗಿ ಪ್ರಾಣ ಕೊಟ್ಟ ವೀರ, ಮನಸ್ಸಿನ ಇಂಗಿತ. 1909ರ ಅಕ್ಟೋಬರ್ 26ರಂದು ಹಾರ್ಬಿನ್ ನಿಲ್ದಾಣದಲ್ಲಿ ಜಪಾನಿನ ಮುತ್ಸದ್ದಿ ಇತೋ ಹಿರೋಬುಮಿಯ ಮೇಲೆ ಗುಂಡು ಹಾರಿಸಿದ ಆನ್ ಜುಂಗ್-ಗುನ್‌ನನ್ನು ಕೊರಿಯನ್ನರು 'ಆನ್ ಜುಂಗ್-ಗುನ್ ಉಯಿಸ' ಎಂದೇ ಗೌರವದಿಂದ ಕರೆಯುತ್ತಾರೆ. ಅವನು ಯಾವ ಆಸ್ಪತ್ರೆಯ ವೈದ್ಯ ಎಂದು ಮಕ್ಕಳು ಕೇಳುವ ಪ್ರಸಂಗ ಅಲ್ಲಿ ಎಲ್ಲರಿಗೂ ಪರಿಚಿತ.

ಈ ಪದಗಳ ನಡುವೆ ನಮಗೆ ನೇರ ನಂಟಿರುವ ಒಂದು ಗುಂಪಿದೆ. ಬೌದ್ಧ ಧರ್ಮದ ಜತೆ ಸಂಸ್ಕೃತದ ಪದಗಳು ಚೀನೀ ಅಕ್ಷರದ ವೇಷ ತೊಟ್ಟು ಕೊರಿಯಾಕ್ಕೆ ಹೋದವು. ಅಲ್ಲಿ ಅವೂ ಸಮಧ್ವನಿಗಳ ಗುಂಪಿನಲ್ಲಿ ಸೇರಿಕೊಂಡವು. 'ಗಸ' ಎಂದರೆ ಹಾಡಿನ ಸಾಹಿತ್ಯ, ಮನೆಗೆಲಸ, ಹಳೆಯ ಒಂದು ಕಾವ್ಯಪ್ರಕಾರ. ಭಿಕ್ಷುವಿನ ಮೇಲುವಸ್ತ್ರವೂ ಗಸ. ಆ ಕೊನೆಯ ಗಸ ನಮ್ಮ 'ಕಾಷಾಯ'. 'ಸರಿ' ಎಂದರೆ ವಸ್ತುಸ್ಥಿತಿಯ ತರ್ಕ, ಸ್ವಂತ ಲಾಭ, ಅಚ್ಚ ಕೊರಿಯನ್ನಿನಲ್ಲಿ ಸುರುಳಿ ಸುತ್ತಿದ ಶ್ಯಾವಿಗೆ. ಸಂತರ ಚಿತಾಭಸ್ಮದಲ್ಲಿ ಸಿಗುವ ಪವಿತ್ರ ಅವಶೇಷವೂ ಸರಿ. ಅದರ ಮೂಲ 'ಶರೀರ'. 'ಸೊನ್' ಎಂದರೆ ಗೆರೆ, ಒಳಿತು. ಬೌದ್ಧ ಮಠಗಳಲ್ಲಿ 'ಧ್ಯಾನ'. ಕೊರಿಯಾದಲ್ಲಿ ಸೋಮಾರಿ ಪುಂಡನಿಗೆ ಹೇಳುವ 'ಗೊಂದಲ್' ಎಂಬ ಪದಕ್ಕೆ ಮೂಲ 'ಗಂಧರ್ವ'. ದೇವಲೋಕದ ಗಾಯಕ ಇಷ್ಟು ದೂರ ನಡೆದು ಬೀದಿಯ ಪುಂಡನಾದದ್ದನ್ನು ನೆನೆದರೆ ಶಬ್ದಗಳ ಪ್ರಯಾಣ ಎಷ್ಟು ಸುದೀರ್ಘ ಎಂಬುದು ಮನಸ್ಸಿಗೆ ತಟ್ಟುತ್ತದೆ.

ಊರು ಮತ್ತು ಮನೆತನದ ಹೆಸರುಗಳಲ್ಲಿಯೂ ಇದೇ ಕಥೆ. 1980ರ ಮೇ ತಿಂಗಳ ಜನಹೋರಾಟದಿಂದ ಜಗತ್ತಿಗೆ ಗೊತ್ತಾದ ಗ್ವಂಗ್‌ಜು ನೈಋತ್ಯದ ಜೊಲ್ಲಾ ಸೀಮೆಯಲ್ಲಿದೆ. ಅದರ ಮೊದಲ ಅಕ್ಷರ 'ಬೆಳಕು'. ಸಿಯೋಲ್ ಪಕ್ಕದ ಗ್ಯೊಂಗಿ ಪ್ರಾಂತದಲ್ಲಿ ಇನ್ನೊಂದು ಗ್ವಂಗ್‌ಜು ಇದೆ. ಅದರ ಮೊದಲ ಅಕ್ಷರ 'ವಿಶಾಲ'. ಪೂರ್ವ ಕರಾವಳಿಯ ಗಂಗ್‌ವೊನ್‌ನ ಗೋಸೊಂಗ್ 'ಎತ್ತರದ ಕೋಟೆ', ದಕ್ಷಿಣದ ಗ್ಯೊಂಗ್‌ಸಾಂಗ್‌ನ ಗೋಸೊಂಗ್ 'ಗಟ್ಟಿ ಕೋಟೆ'. ಮಾತಿನಲ್ಲಿ ಪ್ರಾಂತದ ಹೆಸರು ಸೇರಿಸಿಯೇ ಹೇಳಬೇಕು. ಜೊಂಗ್, ಶಿನ್, ಜೋ, ಯು ಮೊದಲಾದ ಮನೆತನದ ಹೆಸರುಗಳ ಹಿಂದೆ ಎರಡು ಮೂರು ಬೇರೆ ಅಕ್ಷರಗಳಿರುತ್ತವೆ. ಅಕ್ಷರ ಬೇರೆಯಾದರೆ ಕುಲವೂ ಬೇರೆ. 1980ರ ದಶಕದ ಅಧ್ಯಕ್ಷ, ಹೊರಗಿನವರು ಚುನ್ ದೂ-ಹ್ವಾನ್ ಎಂದು ಬರೆಯುವವರ ಮನೆತನದ ಹೆಸರು ಕೊರಿಯನ್ ಉಚ್ಚಾರಣೆಯಲ್ಲಿ 'ಜೊನ್'. 'ಮಾಜಿ' ಎಂಬುದಕ್ಕೂ ಕೊರಿಯನ್ ಪದ 'ಜೊನ್'. ಅವರು ಅಧಿಕಾರ ಬಿಟ್ಟ ಮೇಲೆ 'ಮಾಜಿ ಅಧ್ಯಕ್ಷ ಜೊನ್' ಎಂಬುದು 'ಜೊನ್ ಜೊನ್ ದೆತೋಂಗ್‌ನ್ಯೊಂಗ್' ಆಯಿತು. 'ಹಿಂದಿನವರಿಗೂ ಹಿಂದಿನ ಅಧ್ಯಕ್ಷ' ಎಂಬುದನ್ನೂ ಹೀಗೆಯೇ ಹೇಳಬೇಕಾದ್ದರಿಂದ ಪತ್ರಿಕೆಗಳು ಅಲ್ಲಿ ಎರಡು ಹಂಜಾ ಅಕ್ಷರಗಳನ್ನು ಬಳಸಿ ಪಾರಾದವು.

ಹೀಗೆ ಒಂಟಿ ಹಂಜಾ ಅಕ್ಷರವನ್ನು ತಲೆಬರಹದಲ್ಲಿ ಇಡುವ ಪದ್ಧತಿ ಹಂಗುಲ್‌ನಲ್ಲೇ ಅಚ್ಚಾಗುವ ಪತ್ರಿಕೆಗಳಲ್ಲಿ ಇಂದಿಗೂ ಇದೆ. ಅಮೆರಿಕಕ್ಕೆ 'ಮಿ', ಮೂಲಾರ್ಥ ಸುಂದರ. ಉತ್ತರ ಕೊರಿಯಾಕ್ಕೆ 'ಬುಕ್', ಆಡಳಿತ ಪಕ್ಷಕ್ಕೆ 'ಯೊ', ವಿರೋಧ ಪಕ್ಷಕ್ಕೆ 'ಯ'. ಹಂಗುಲ್‌ನಲ್ಲಿ ಬರೆದರೆ 'ಮಿ' ಅಕ್ಕಿಯೂ ಆಗಬಹುದು, 'ಇನ್ನೂ ಆಗದ' ಎಂಬ ಉಪಸರ್ಗವೂ ಆಗಬಹುದು.

ಮಾತಿನಲ್ಲಿ ಅಕ್ಷರವನ್ನು ಗುರುತಿಸಲು ಕೊರಿಯನ್ನರು ಕಂಡುಕೊಂಡ ಉಪಾಯ ಬಹಳ ಸೊಗಸಾದದ್ದು. ಅದಕ್ಕೆ ಹುನ್-ಉಮ್ ಎಂದು ಹೆಸರು. ಹುನ್ ಎಂದರೆ ಅರ್ಥ, ಉಮ್ ಎಂದರೆ ದನಿ. ಅಚ್ಚ ಕೊರಿಯನ್ ಅರ್ಥವನ್ನು ಮೊದಲು ಹೇಳಿ, ಚೀನೀ ಮೂಲದ ದನಿಯನ್ನು ಅದರ ಬೆನ್ನಿಗೆ ಜೋಡಿಸುತ್ತಾರೆ. 'ಮುಲ್ ಸು' ಎಂದರೆ ನೀರಿನ ಸು, 'ಮೊರಿ ಸು' ತಲೆಯ ಸು, 'ಸೋನ್ ಸು' ಕೈಯ ಸು, 'ಮೋಕ್ಸುಮ್ ಸು' ಆಯುಸ್ಸಿನ ಸು. ರಾಜಧಾನಿಯ ಸುದೋದಲ್ಲಿ ಇರುವುದು ತಲೆಯ ಸು, ನಲ್ಲಿಯ ಸುದೋದಲ್ಲಿ ನೀರಿನ ಸು. 'ಚೊನ್‌ಜಮುನ್' ಎಂಬ ಸಾವಿರ ಅಕ್ಷರಗಳ ಪಠ್ಯವನ್ನು ಹಳ್ಳಿಯ ಓದುಮನೆಗಳಲ್ಲಿ ಮಕ್ಕಳು 'ಹನುಲ್ ಚೊನ್, ತ್ತ ಜಿ', ಆಕಾಶ ಚೊನ್, ನೆಲ ಜಿ, ಎಂದು ರಾಗವಾಗಿ ಉರುಹೊಡೆಯುತ್ತಿದ್ದುದು ಈ ಕ್ರಮದಲ್ಲಿಯೇ. ಅಮರಕೋಶವನ್ನು ಬಾಯಿಪಾಠ ಮಾಡಿದ ನಮ್ಮ ಹಿಂದಿನವರಿಗೆ ಈ ಪಾಠದ ಲಯ ಅಪರಿಚಿತವೆನಿಸುತ್ತಿರಲಿಲ್ಲ. ಇಂದಿಗೂ ಸರ್ಕಾರಿ ಕಚೇರಿಯಲ್ಲಿ ಮಗುವಿನ ಹೆಸರು ಬರೆಸುವಾಗ 'ಯಾವ ಸು?' ಎಂದು ಕೇಳಿದರೆ ಉತ್ತರ ಹುನ್-ಉಮ್‌ನಲ್ಲೇ ಬರುತ್ತದೆ.

ಬರೆಯುವಾಗ ಒಂದೇ, ನುಡಿಯುವಾಗ ಬೇರೆ ಎನ್ನುವ ಜ್ಞಾತಿಗಳೂ ಇವಕ್ಕಿವೆ. 'ದೆಗ' ಎಂದು ಬರೆದದ್ದನ್ನು 'ದೆಗ' ಎಂದು ಓದಿದರೆ ಮಹಾ ಪಂಡಿತ, 'ದೆಕ್ಕ' ಎಂದು ಒತ್ತಿ ಓದಿದರೆ ತೆತ್ತ ಬೆಲೆ. 'ಇನ್‌ಜೊಕ್' ಎಂದರೆ ಜನರ ಸುಳಿವು. 'ಜ'ಕಾರವನ್ನು ಒತ್ತಿದರೆ 'ಮಾನವ ಸಂಬಂಧಿ'. ಕಾಗುಣಿತ ಇದನ್ನು ತೋರಿಸದು, ಮಾತೃಭಾಷಿಕರು ತಪ್ಪುವುದೂ ಇಲ್ಲ.

ಉತ್ತರ ಮತ್ತು ದಕ್ಷಿಣ ಕೊರಿಯಾಗಳು ಇಲ್ಲಿ ಬೇರೆ ದಾರಿ ಹಿಡಿದಿವೆ. ದಕ್ಷಿಣದ ಕಾಗುಣಿತದಲ್ಲಿ ಚೀನೀ ಮೂಲದ ಪದದ ಮೊದಲಲ್ಲಿ 'ರ' ಬರುವುದಿಲ್ಲ. 'ಇ', 'ಯ' ಬಗೆಯ ಸ್ವರಗಳ ಮುಂದೆ 'ನ' ಕೂಡ ಉದುರುತ್ತದೆ. ಉತ್ತರದವರು ಎರಡನ್ನೂ ಉಳಿಸಿಕೊಂಡಿದ್ದಾರೆ. ಇದರ ಪರಿಣಾಮಕ್ಕೆ 'ಯೊಗ್ವೊನ್' ಎಂಬ ಪದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ದಕ್ಷಿಣದಲ್ಲಿ ಪಾಸ್‌ಪೋರ್ಟ್, ಮಹಿಳೆಯರ ಹಕ್ಕು, ಆಡಳಿತ ಪಕ್ಷದ ವಲಯ ಮೂರಕ್ಕೂ ಅದೇ ಪದ. ಉತ್ತರದ ಕಾಗುಣಿತದಲ್ಲಿ ಪಾಸ್‌ಪೋರ್ಟ್ 'ರ್ಯೊಗ್ವೊನ್', ಮಹಿಳೆಯರ ಹಕ್ಕು 'ನ್ಯೊಗ್ವೊನ್', ಮೂರನೆಯದು ಮಾತ್ರ 'ಯೊಗ್ವೊನ್'. ಬುದ್ಧಿಯ ವಿವೇಕಕ್ಕೂ ವಿರುದ್ಧ ಲಿಂಗಕ್ಕೂ ದಕ್ಷಿಣದಲ್ಲಿ 'ಇಸೊಂಗ್'. ಉತ್ತರದಲ್ಲಿ ವಿವೇಕ 'ರಿಸೊಂಗ್'. ಇದಲ್ಲದೆ 1960ರ ದಶಕದಿಂದ ಉತ್ತರದಲ್ಲಿ ನಡೆದ 'ನುಡಿ ತಿದ್ದುವ' ಚಳವಳಿ ಚೀನೀ ಪದಗಳ ಜಾಗದಲ್ಲಿ ಅಚ್ಚ ಕೊರಿಯನ್ ಪದಗಳನ್ನು ತಂದಿತು. ದಕ್ಷಿಣದವರು ನೆರೆಗೆ ಚೀನೀ ಮೂಲದ 'ಹೋಂಗ್ಸು' ಎಂದರೆ ಉತ್ತರದವರು 'ಕುನ್‌ಮುಲ್' ಎನ್ನುತ್ತಾರೆ. ಅಂದರೆ 'ದೊಡ್ಡ ನೀರು'. ದಕ್ಷಿಣದಲ್ಲೂ 2007ರಲ್ಲಿ ಸುಪ್ರೀಂ ಕೋರ್ಟ್, ಮನೆತನದ ಹೆಸರನ್ನು 'ಯು' ಬದಲು 'ರ್ಯು', 'ಇ' ಬದಲು 'ರಿ' ಎಂದು ಬರೆಸಲು ದಾರಿ ಮಾಡಿಕೊಟ್ಟಿತು.

ದಕ್ಷಿಣದಲ್ಲಿ ಹಂಜಾ ಒಮ್ಮೆಗೇ ಹೋಗಲಿಲ್ಲ. 1896ರಲ್ಲಿ ಹೊರಟ 'ದೋಂಗ್‌ನಿಪ್ ಶಿನ್‌ಮುನ್' ಪತ್ರಿಕೆಯ ಕೊರಿಯನ್ ಬರಹವೆಲ್ಲ ಹಂಗುಲ್‌ನಲ್ಲಿತ್ತು. ಪದಗಳ ನಡುವೆ ಜಾಗ ಬಿಟ್ಟು ಬರೆದು ಅದು ಓದನ್ನು ಹಗುರಗೊಳಿಸಿತು. 1948ರ ಕಾನೂನು ಸರ್ಕಾರಿ ಪತ್ರಗಳು ಹಂಗುಲ್‌ನಲ್ಲಿರಬೇಕೆಂದಿತು, ಬೇಕಾದಲ್ಲಿ ಸದ್ಯಕ್ಕೆ ಹಂಜಾ ಸೇರಿಸಬಹುದೆಂದೂ ಹೇಳಿತು. 1970ರಲ್ಲಿ ಪಠ್ಯಪುಸ್ತಕಗಳಿಂದ ಹಂಜಾ ಹೊರಬಿತ್ತು. 1972ರಲ್ಲಿ ಮಾಧ್ಯಮಿಕ ಮತ್ತು ಪ್ರೌಢಶಾಲೆಗಳಿಗೆಂದು 1,800 ಅಕ್ಷರಗಳ ಪಟ್ಟಿಯಾಗಿ ಮರಳಿ ಬಂತು. 1988ರಲ್ಲಿ ಆರಂಭವಾದ 'ಹಂಗ್ಯೊರೆ' ಪತ್ರಿಕೆ ಹಂಗುಲ್‌ನಲ್ಲೇ ಅಡ್ಡಸಾಲಿನಲ್ಲಿ ಅಚ್ಚಾಗಿ ಉಳಿದವಕ್ಕೆ ದಾರಿ ತೋರಿತು. 2005ರ ಭಾಷಾ ಮೂಲ ಕಾನೂನು ಹಂಗುಲ್ ನಿಯಮವನ್ನು ಇನ್ನಷ್ಟು ಗಟ್ಟಿ ಮಾಡಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಸಂವಿಧಾನ ನ್ಯಾಯಾಲಯ 2016ರಲ್ಲಿ ಒಪ್ಪಲಿಲ್ಲ. ಪ್ರಾಥಮಿಕ ಪಠ್ಯಗಳಲ್ಲಿ ಹಂಜಾ ಟಿಪ್ಪಣಿ ಕೊಡುವ ಯೋಜನೆಯೊಂದು 2014ರಿಂದ ಚರ್ಚೆಯಾಗಿ ಕೈಬಿಟ್ಟುಹೋಯಿತು. ಎರಡೂ ಪಕ್ಷಗಳ ಮಾತಿನಲ್ಲಿ ಸತ್ಯವಿದೆ. ಹಂಗುಲ್ ಇಲ್ಲದಿದ್ದರೆ ಓದು ಎಲ್ಲರ ಮನೆಗೆ ಬರುತ್ತಿರಲಿಲ್ಲ. ಲಿಪಿಯನ್ನು ಹಿಂದಕ್ಕೆ ತಿರುಗಿಸುವುದು ಆ ಗೆಲುವನ್ನು ಕಿತ್ತುಕೊಂಡಂತೆ. ಆದರೆ ಪದದ ಬೇರನ್ನು ಅರಿಯುವುದಕ್ಕೆ ಅಕ್ಷರವನ್ನು ಬರೆಯಲು ಬರಲೇಬೇಕೆಂದಿಲ್ಲ. ಅರ್ಥದ ತುಣುಕುಗಳನ್ನು ಕಲಿಸಿದರೂ ಸಾಕು, ಬಹಳಷ್ಟು ಕತ್ತಲು ಸರಿಯುತ್ತದೆ.

ತಪ್ಪು ಎರಡೂ ದಿಕ್ಕಿನಲ್ಲಿ ನಡೆಯುತ್ತದೆ ಎಂಬುದಕ್ಕೆ 2020ರ ಜುಲೈ ಸಾಕ್ಷಿ. ಆಗಸ್ಟ್ 17ನ್ನು ರಜೆಯೆಂದು ಸಾರಿದಾಗ ಪತ್ರಿಕೆಗಳು ವಾರಾಂತ್ಯವೂ ಸೇರಿ 'ಸಹುಲ್' ರಜೆ ಎಂದು ಬರೆದವು. ಸಹುಲ್ ಅಚ್ಚ ಕೊರಿಯನ್ ಪದ, ಮೂರು ದಿನ ಎಂದರ್ಥ. ಅನೇಕರು ಮೊದಲ 'ಸ'ವನ್ನು ಚೀನೀ ಮೂಲದ ನಾಲ್ಕು ಎಂದು ತಿಳಿದು ನಾಲ್ಕು ದಿನವೆಂದುಕೊಂಡರು. ಮರೆತದ್ದು ಹಂಜಾ ಒಂದೇ ಅಲ್ಲ, ತಾಯ್ನುಡಿಯ ಹಳೆಯ ಎಣಿಕೆಯೂ ಹೌದು.

ಕವಿಗಳಿಗೆ ಈ ಬೆರಕೆ ಸಂಪತ್ತೇ ಆಗಿತ್ತು. 16ನೆಯ ಶತಮಾನದ ಹ್ವಂಗ್ ಜಿನಿ ತನ್ನ ಹೆಸರಾಂತ ಸಿಜೋ ಪದ್ಯವೊಂದರಲ್ಲಿ ಬೆಟ್ಟದ ಹಸಿರು ತೊರೆಯನ್ನು ಮಾತಾಡಿಸುತ್ತಾಳೆ. ತೊರೆಯ ಹೆಸರು 'ಬ್ಯೊಕ್‌ಗ್ಯೆಸು'. ಪ್ರತೀತಿಯ ಪ್ರಕಾರ ಅದು ಅವಳ ಮೋಹಕ್ಕೆ ತಾನು ಸಿಲುಕೆನೆಂದು ಬೀಗಿದ ರಾಜವಂಶದ ಗಂಡಸಿನ ಬಿರುದೂ ಹೌದು. ಒಂದರ ಕೊನೆಗೆ ನೀರಿನ 'ಸು', ಇನ್ನೊಂದರ ಕೊನೆಗೆ ಕಾಯುವವನ 'ಸು'. ಪದ್ಯದ ಬೆಳಗುವ ಚಂದ್ರ, 'ಮ್ಯೊಂಗ್‌ವೊಲ್', ಗಣಿಕೆಯಾಗಿ ಅವಳು ಧರಿಸಿದ್ದ ಹೆಸರೂ ಹೌದು. 19ನೆಯ ಶತಮಾನದ ಅಲೆಮಾರಿ ಕವಿ ಕಿಮ್ ಸಕ್ಕತ್ (1807–1863) ಚೀನೀ ಅಕ್ಷರಗಳಲ್ಲಿ ಗಂಭೀರವಾಗಿ ಕಾಣುವ, ಕೊರಿಯನ್ ಕಿವಿಗೆ ಬೈಗುಳವಾಗಿ ಕೇಳುವ ಪದ್ಯಗಳಿಂದ ಪ್ರಸಿದ್ಧ. ಬಾಗಿಲಲ್ಲಿ ಅನ್ನ ಕೊಡದೆ ಕಳಿಸಿದವರ ಮೇಲೆ ಅವನು ಈ ಅಸ್ತ್ರ ಬಳಸಿದನೆಂದು ಜನ ಹೇಳುತ್ತಾರೆ.

ರಾಷ್ಟ್ರೀಯ ಭಾಷಾ ಸಂಸ್ಥೆಯ 1999ರ ಪ್ರಮಾಣ ನಿಘಂಟು ಸಮಧ್ವನಿಗಳಿಗೆ 'ಒಕ್ಕೆ ಬೊನ್‌ಹೋ' ಕೊಡುತ್ತದೆ. 'ಹೆಗಲ ಸಂಖ್ಯೆ' ಎಂದು ಅದರರ್ಥ. ಪದದ ಹೆಗಲ ಮೇಲೆ ಪುಟ್ಟದಾಗಿ ಕೂರುವ ಅಂಕಿ. ಕೆಲವು ಪದಗಳ ಹೆಗಲ ಸಂಖ್ಯೆ ಇಪ್ಪತ್ತನ್ನೂ ದಾಟುತ್ತದೆ. 1998ರಿಂದ 2007ರವರೆಗೆ ನಡೆದ 21ನೆಯ ಶತಮಾನದ ಸೇಜೋಂಗ್ ಯೋಜನೆ ಕಟ್ಟಿದ ಪಠ್ಯಕೋಶದ ಒಂದು ಭಾಗದಲ್ಲಿ ವಾಕ್ಯದಲ್ಲಿರುವ ಪದಕ್ಕೆ ಯಾವ ಅರ್ಥ ಸಲ್ಲುತ್ತದೆ ಎಂಬುದನ್ನು ಗುರುತಿಸಲಾಗಿದೆ. ಯಂತ್ರಗಳಿಗೆ ಈ ಪಾಠ ಕಲಿಸಲು ಅದು ನೆರವಾಯಿತು. ಕೊರಿಯನ್ ಕೀಲಿಮಣೆಯಲ್ಲಿ ಇಂದಿಗೂ 'ಹಂಜಾ' ಎಂಬ ಗುಂಡಿ ಇರುತ್ತದೆ. 'ಸು' ಎಂದು ಒತ್ತಿ ಆ ಗುಂಡಿ ಮುಟ್ಟಿದರೆ ಸಾಲು ಸಾಲು 'ಸು'ಗಳು ತೆರೆದುಕೊಳ್ಳುತ್ತವೆ.

ಕೊರಿಯನ್ ಕಲಿಯುತ್ತಿರುವ ಕನ್ನಡಿಗರಿಗೆ ಒಂದು ಮಾತು. ಪದಪಟ್ಟಿ ಉರುಹೊಡೆಯುವಾಗ ಪ್ರತಿ ಪದದ ಪಕ್ಕ ಅದರ ತುಣುಕುಗಳ ಅರ್ಥವನ್ನೂ ಬರೆದಿಟ್ಟುಕೊಳ್ಳಿ. ನೀರಿನ 'ಸು' ಒಮ್ಮೆ ಗುರುತಾದರೆ ಈಜುವ 'ಸುಯೊಂಗ್', ಕುಡಿಯುವ ನೀರಿನ 'ಸೆಂಗ್ಸು', ನೀರು ಶುದ್ಧಿಯ ಯಂತ್ರ 'ಜೊಂಗ್‌ಸುಗಿ', ನೆರೆಯ 'ಹೋಂಗ್ಸು' ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿಕೊಳ್ಳುತ್ತವೆ. ಬುಧವಾರಕ್ಕೆ ಅವರು 'ಸುಯೋಇಲ್' ಎನ್ನುವುದೂ ಆ ನೀರಿನಿಂದಲೇ, ಏಕೆಂದರೆ ಬುಧಗ್ರಹ ಅವರಿಗೆ 'ನೀರಿನ ತಾರೆ'. ಶುಕ್ರ 'ಚಿನ್ನದ ತಾರೆ'. ಆದ್ದರಿಂದ ಶುಕ್ರವಾರ 'ಗುಮ್‌ಯೋಇಲ್'. ಕಚೇರಿಯ ಪತ್ರದಲ್ಲಿ 'ಗುಮಿಲ್'ನೊಳಗೆ ಕೆಲಸ ಮುಗಿಸಿ ಎಂದಿದ್ದರೆ ಮಾತ್ರ ಎಚ್ಚರ: ಅಲ್ಲಿರುವುದು ಚಿನ್ನದ 'ಗುಮ್' ಅಲ್ಲ, 'ಈ' ಎಂಬ ಅರ್ಥದ 'ಗುಮ್'. ಶುಕ್ರವಾರದವರೆಗೆ ಕಾಯಬೇಡಿ, ಗಡುವು ಇವತ್ತೇ.